ಬದುವಿಗೆ ಕಳೆನಾಶಕ ಹೊಡೆದ ಮೇಲೆ ಜೇನುಪೆಟ್ಟಿಗೆಗಳು ಸೊರಗುತ್ತಿವೆ, ಸತ್ತ ನೊಣ ಮಾತ್ರ ಎಲ್ಲಿಯೂ ಇಲ್ಲ

ಹೊಲದಂಚು (ಕುಷ್ಟಗಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ. ಅರ್ಧ ಹೇಳಿದರೆ ಉತ್ತರವೂ ಅರ್ಧವೇ ಬರುತ್ತದೆ.

ನಮ್ಮದು ಹನುಮಸಾಗರದ ಕಡೆ ನಾಲ್ಕು ಎಕರೆ ಮಸಾರಿ ಹೊಲ. ಒಂದೂವರೆ ಎಕರೆ ದಾಳಿಂಬೆ, ಒಂದು ಎಕರೆ ಸೂರ್ಯಕಾಂತಿ, ಉಳಿದದ್ದು ಸಜ್ಜೆ ಮತ್ತು ತೊಗರಿ. ಎರಡು ವರ್ಷದ ಹಿಂದೆ ಸಹಾಯಧನದಲ್ಲಿ ತುಡುವೆ ಜೇನಿನ ಎಂಟು ಪೆಟ್ಟಿಗೆ ತಂದಾಗ ಮನೆಯವರು ನಕ್ಕಿದ್ದರು. ಮರುವರ್ಷ ದಾಳಿಂಬೆ ಕಾಯಿ ಕಚ್ಚಿದ್ದನ್ನು ನೋಡಿ ನಗು ನಿಂತಿತು. ಈಗ ಪೆಟ್ಟಿಗೆಗೆ ಹೊಗೆ ಹಿಡಿಯಲು ಅವರೇ ಬರುತ್ತಾರೆ.

ಪಕ್ಕದ ಹೊಲ ನಮ್ಮ ಭಾವನವರದು. ಪಾಲಾದಾಗ ಹೊಲ ಎರಡಾಯಿತು, ನಡುವಿನ ಬದು ಒಂದೇ ಉಳಿಯಿತು. ಆ ಬದುವಿನ ಮೇಲೆ ತುಂಬೆ, ಗರಿಕೆ, ಗೋಣಿ ಸೊಪ್ಪು, ನೆಗ್ಗಿಲು, ಹೆಸರೇ ಗೊತ್ತಿಲ್ಲದ ಇನ್ನೂ ಹತ್ತು ಬಗೆಯ ಕಸ. ಭಾವನವರಿಗೆ ಅದು ಕಣ್ಣಿಗೆ ಬಿದ್ದ ಧೂಳಿದ್ದಂತೆ. ಈ ವರ್ಷ ನಾಗರ ಪಂಚಮಿಯ ದಿನ ಅದೇ ಬದುವಿನ ಹುತ್ತಕ್ಕೆ ಹಾಲೆರೆದು ಬಂದರು. ಮರುದಿನ "ಹುಲ್ಲಿನಲ್ಲಿ ಹಾವು ಸೇರಿಕೊಳ್ಳುತ್ತವೆ" ಎಂದು ಇಡೀ ಬದುವಿಗೆ ಕಳೆಯ ಎಣ್ಣೆ ಹೊಡೆಸಿದರು. ನಾನು ಆಗ ಏನೂ ಹೇಳಲಿಲ್ಲ.

ಶ್ರಾವಣದ ಮೂರನೆಯ ಸೋಮವಾರ ಪೂಜೆಗೆ ತುಂಬೆ ಹೂವು ಬಿಡಿಸಲು ಬುಟ್ಟಿ ಹಿಡಿದುಕೊಂಡು ಹೋದೆ. ಈ ತುದಿಯಿಂದ ಆ ತುದಿಯವರೆಗೆ ಒಂದು ಹೂವಿಲ್ಲ. ಬದು ಹುರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ನೇರವಾಗಿ ಹೋಗಿ ಪೆಟ್ಟಿಗೆ ತೆರೆದೆ.

ಎರಡನೇ ಪೆಟ್ಟಿಗೆಯಲ್ಲಿ ಆರು ಚೌಕಟ್ಟಿಗೆ ತುಂಬಿರುತ್ತಿದ್ದ ನೊಣ ಮೂರೂವರೆಗೆ ಇಳಿದಿತ್ತು. ಪರಾಗ ಕೂಡಿಡುವ ಕೋಣೆಗಳು ಬರಿದು. ಮರಿ ಇತ್ತು, ಆದರೆ ಹಲ್ಲು ಬಿದ್ದ ಬಾಯಿಯ ಹಾಗೆ, ಅಲ್ಲೊಂದು ಇಲ್ಲೊಂದು. ಚಿಕ್ಕ ಮರಿ ಹುಳು ಯಾವಾಗಲೂ ಕೋಣೆಯ ತಳದಲ್ಲಿ ಬಿಳಿ ಹಾಲಿನ ಮೇಲೆ ತೇಲುತ್ತಿರುತ್ತದಲ್ಲ, ಆ ಹಾಲಿಲ್ಲ. ತಳ ಒಣಗಿ ಮರಿ ಅಂಟಿಕೊಂಡಿತ್ತು. ನಾಲ್ಕು ದಿನ ಬಿಟ್ಟು ಏಳನೇ ಪೆಟ್ಟಿಗೆಯ ಸಂಸಾರ ಬೆಳಗ್ಗೆ ಹತ್ತರ ಹೊತ್ತಿಗೆ ಎದ್ದು ಹೊರಟೇ ಹೋಯಿತು. ಉಳಿದವೂ ಬಡವಾಗಿವೆ.

ನನಗೆ ತಿಳಿಯದಿರುವುದು ಇದು: ಸತ್ತ ನೊಣ ಇಲ್ಲ. ಹೋದ ವರ್ಷ ಯಾರದೋ ಮೆಣಸಿನ ಹೊಲದಲ್ಲಿ ಕೀಟದ ಔಷಧಿ ಹೊಡೆದಾಗ ಬಾಗಿಲ ಮುಂದೆ ಸೇರುಗಟ್ಟಲೆ ನೊಣ ನಾಲಿಗೆ ಚಾಚಿ ಬಿದ್ದಿದ್ದವು. ಅದನ್ನು ಕಂಡವಳು ನಾನು. ಈ ಸಲ ಹಾಗಿಲ್ಲ. ಭಾವನವರನ್ನು ಕೇಳಿದರೆ, "ನೋಡವ್ವಾ, ನಾನು ಹೊಡೆದದ್ದು ಹುಲ್ಲಿಗೆ, ನಿನ್ನ ನೊಣಕ್ಕಲ್ಲ" ಎನ್ನುತ್ತಾರೆ. ಗೊಬ್ಬರದ ಅಂಗಡಿಯವನೂ ಜೇನಿಗೆ ಏನೂ ಆಗುವುದಿಲ್ಲ ಎಂದನಂತೆ. ಕಳೆನಾಶಕ ನೊಣಕ್ಕೆ ತಾಗುತ್ತದೆಯೋ ಇಲ್ಲವೋ? ತಾಗುವುದಾದರೆ, ಹಿರಿಯರಾದ ಅವರಿಗೆ ನಾನು ಯಾವ ಬಾಯಿಂದ ಏನು ಹೇಳಲಿ?

ಎರೆಹೊಲ (ಮಾನ್ವಿ)

ಅಕ್ಕಾ, ಇದು ಕೀಟನಾಶಕದ್ದೇ ಕೆಲಸ. ಸುತ್ತ ಹತ್ತಿ ಇರಬೇಕು, ನೋಡಿ. ಕಳೆಯ ಎಣ್ಣೆಯಿಂದ ನೊಣ ಸಾಯುವುದಿಲ್ಲ. ನೊಣ ಹೊಲದಲ್ಲಿಯೇ ಸತ್ತು ಬಿದ್ದರೆ ಪೆಟ್ಟಿಗೆಯ ಮುಂದೆ ಹೇಗೆ ಕಾಣುತ್ತದೆ?

ಎಡದಂಡೆ ಭತ್ತ (ಸಿಂಧನೂರು)

ಇಲ್ಲಿ ಯಾರಾದರೂ ಕಳೆನಾಶಕ ಎಂದರೆ ಸಾಕು, ಎಲ್ಲರೂ ರೈತನ ಮೇಲೆ ಬೀಳುತ್ತಾರೆ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ.

ನನ್ನದು ಕಾಲುವೆ ನೀರಿನ ಎಂಟು ಎಕರೆ ಸೋನಾ ಮಸೂರಿ. ನಾಟಿಯಾದ ಮೂರು ದಿನದೊಳಗೆ ಪ್ರೆಟಿಲಾಕ್ಲೋರ್, ಇಪ್ಪತ್ತು ದಿನಕ್ಕೆ ಬಿಸ್ಪೈರಿಬ್ಯಾಕ್. ಇಲ್ಲದಿದ್ದರೆ ಗದ್ದೆಯಲ್ಲಿ ಭತ್ತ ಯಾವುದು, ಹುಲ್ಲು ಯಾವುದು ಎಂದು ಗೊತ್ತಾಗುವುದಿಲ್ಲ. ಕೂರಿಗೆಯಲ್ಲಿ ಭತ್ತ ಬಿತ್ತಿದವರ ಪಾಡು ಇನ್ನೂ ಕಷ್ಟ. ನಮ್ಮ ಅವ್ವನ ಕಾಲದಲ್ಲಿ ಹದಿನೈದು ಹೆಂಗಸರು ಸಾಲಾಗಿ ಬಗ್ಗಿ, ಹಾಡು ಹೇಳುತ್ತ ಕಸ ತೆಗೆಯುತ್ತಿದ್ದರು. ಆ ಹೆಂಗಸರ ಮಕ್ಕಳು ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ಉಳಿದ ನಾಲ್ವರನ್ನು ಕರೆಯಲು ಹಿಂದಿನ ರಾತ್ರಿಯೇ ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು, ಬೆಳಗ್ಗೆ ಆಟೊ ಕಳಿಸಬೇಕು. ನಿಮ್ಮ ಭಾವನವರು ಕೆಟ್ಟವರಲ್ಲ ಅಕ್ಕಾ, ಆಳು ಸಿಗದವರು.

ಒಂದು ಮಾತು ಒಪ್ಪುತ್ತೇನೆ. ಗದ್ದೆಗೆ ಹೊಡೆಯುವುದು ಬೇರೆ, ಬದುವಿಗೆ ಹೊಡೆಯುವುದು ಬೇರೆ. ಬದುವಿನ ಮೇಲೆ ಬೆಳೆ ಇಲ್ಲ, ಅಲ್ಲಿಯ ಹುಲ್ಲು ಯಾರ ಅನ್ನವನ್ನೂ ಕಸಿಯುವುದಿಲ್ಲ. ಅಲ್ಲಿ ಹೊಡೆಯುವುದು ನೋಟಕ್ಕೆ. ನಾನೂ ಹೊಡೆಸುತ್ತೇನೆ, ಸುಳ್ಳೇಕೆ ಹೇಳಲಿ. ಬದು ಬೋಳಾಗಿದ್ದರೆ ಊರಿನವರು "ಹೊಲ ಚೊಕ್ಕಟ ಇಟ್ಟಿದ್ದಾನೆ" ಎನ್ನುತ್ತಾರೆ.

ಹಳೆಯ ಕೃಷಿ ಸಹಾಯಕ (ರಾಯಚೂರು)

ತಂಗಿ, ನಿವೃತ್ತನಾಗಿ ಆರು ವರ್ಷವಾಯಿತು, ಆದರೂ ಮೊದಲು ಪ್ರಶ್ನೆ ಕೇಳುವ ಚಾಳಿ ಹೋಗಿಲ್ಲ. ಮೂರು ಪ್ರಶ್ನೆ.

ಬದುವಿನ ಹಸಿರು ಎಷ್ಟು ದಿನಕ್ಕೆ ಒಣಗಿತು? ಮರುದಿನದ ಬಿಸಿಲಿಗೇ ಬೆಂಕಿ ತಾಗಿದಂತೆ ಕಂದಿದರೆ ಅದು ಪ್ಯಾರಾಕ್ವಾಟ್. ವಾರದವರೆಗೆ ಏನೂ ಆಗದವರಂತೆ ನಿಂತು, ಆಮೇಲೆ ಹಳದಿಯಾಗಿ ಬೇರುಸಹಿತ ಸತ್ತರೆ ಗ್ಲೈಫೋಸೇಟ್. ಅಗಲ ಎಲೆಯ ಗಿಡ ಮಾತ್ರ ಮುರುಟಿಕೊಂಡು ಗರಿಕೆ ಹಾಗೆಯೇ ಉಳಿದಿದ್ದರೆ 2,4-ಡಿ. ಎರಡನೆಯದು, ಹೊಡೆದ ಪಂಪ್ ಯಾವುದು? ಅದರಲ್ಲಿಯೇ ಕೀಟದ ಔಷಧಿಯನ್ನೂ ಹೊಡೆಯುತ್ತಾರೆಯೇ? ಮೂರನೆಯದು, ಪಂಪ್ ತೊಳೆದದ್ದು ಎಲ್ಲಿ, ನಿಮ್ಮ ನೊಣ ನೀರು ಕುಡಿಯುವುದು ಎಲ್ಲಿ?

ನೀವು ಉತ್ತರ ಬರೆಯುವಷ್ಟರಲ್ಲಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಅಂಗಡಿಯವನು ಪೂರ್ತಿ ಸುಳ್ಳು ಹೇಳಿಲ್ಲ. ಔಷಧಿಯೊಂದು ಜೇನಿಗೆ ಅಪಾಯವೇ ಎಂದು ನೋಡುವ ಮೊದಲ ಪರೀಕ್ಷೆ ಸರಳ: ನೊಣಗಳಿಗೆ ಕುಡಿಸುತ್ತಾರೆ ಅಥವಾ ಮೈಮೇಲೆ ಹನಿ ಹಾಕುತ್ತಾರೆ, ಎರಡು ದಿನ ಬಿಟ್ಟು ಸತ್ತವನ್ನು ಎಣಿಸುತ್ತಾರೆ. ಗ್ಲೈಫೋಸೇಟ್ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವಂತೂ ಜೇನಿಗೆ ಸಂಬಂಧಿಸಿದ್ದೇ ಅಲ್ಲ. ಕೆಂಪು, ಹಳದಿ, ನೀಲಿ, ಹಸಿರು ಎಂಬುದು ಇಲಿಯಂಥ ಸಸ್ತನಿಗಳು ಎಷ್ಟು ಪ್ರಮಾಣಕ್ಕೆ ಸಾಯುತ್ತವೆ ಎಂಬುದರ ಲೆಕ್ಕ. ಇಷ್ಟು ವರ್ಷ ರೈತರಿಗೆ ಆ ತ್ರಿಕೋನ ತೋರಿಸಿದವನು ನಾನು. ಈ ಮಾತನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ, ಅದರ ಸಂಕೋಚ ನನಗಿದೆ.

ಗಿಡಗಳು ತಮಗೆ ಬೇಕಾದ ಕೆಲವು ಅಮೈನೊ ಆಮ್ಲಗಳನ್ನು ತಯಾರಿಸಿಕೊಳ್ಳುವುದು ಶಿಕಿಮೇಟ್ ಎಂಬ ದಾರಿಯಲ್ಲಿ. ಗ್ಲೈಫೋಸೇಟ್ ಆ ದಾರಿಯ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ, ಗಿಡ ಒಳಗೇ ಹಸಿದು ಸಾಯುತ್ತದೆ. ಮನುಷ್ಯನಲ್ಲಿ, ಎಮ್ಮೆಯಲ್ಲಿ, ನೊಣದಲ್ಲಿ ಆ ದಾರಿಯೇ ಇಲ್ಲ. ಆದರೆ ನೊಣದ ಕರುಳಿನಲ್ಲಿ ಬಾಳುವ ಬ್ಯಾಕ್ಟೀರಿಯಾಗಳಲ್ಲಿ ಇದೆ. 2018ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದವರು ಮೆಲ್ಲಿಫೆರಾ ಎಂಬ ಯುರೋಪಿನ ಜಾತಿಯ ಸಾಕು ಜೇನುನೊಣಗಳಿಗೆ ಸಕ್ಕರೆ ಪಾಕದಲ್ಲಿ ಗ್ಲೈಫೋಸೇಟ್ ಕೊಟ್ಟು ನೋಡಿದರು. ನೊಣ ತಕ್ಷಣ ಸಾಯಲಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದವು. ಆಮೇಲೆ ಸೆರಾಶಿಯಾ ಎಂಬ ರೋಗಾಣು ತಾಗಿಸಿದಾಗ, ಗ್ಲೈಫೋಸೇಟ್ ಕುಡಿದ ಎಳೆಯ ನೊಣಗಳು ಹೆಚ್ಚು ಸತ್ತವು. ಮೂರು ವರ್ಷ ಮೊದಲು, 2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅದನ್ನು ಕುಡಿದ ನೊಣಗಳನ್ನು ದೂರ ಒಯ್ದು ಬಿಟ್ಟರೆ ಗೂಡಿಗೆ ಮರಳಲು ಹೆಚ್ಚು ಹೊತ್ತು ಹಿಡಿಯಿತು, ದಾರಿಯೂ ಸುತ್ತುಬಳಸು.

ನನಗೆ ಹೆಚ್ಚು ತಟ್ಟಿದ್ದು 2022ರ ಪ್ರಯೋಗ. ಜರ್ಮನಿಯ ಕಾನ್‌ಸ್ಟಾನ್ಸ್‌ನವರು ಬಂಬಲ್‌ಬೀ ಎಂಬ ದಪ್ಪ ರೋಮದ ಜೇನಿನ ಗೂಡುಗಳಲ್ಲಿ ನೋಡಿದ್ದು ಅದು. ಆ ನೊಣಗಳೂ ನಮ್ಮ ಜೇನಿನ ಹಾಗೆ ಮೈ ಬಿಸಿ ಮಾಡಿಕೊಂಡು ಮರಿಗೆ ಕಾವು ಕೊಡುತ್ತವೆ. ಹೊಟ್ಟೆ ತುಂಬಾ ಇದ್ದಾಗ ವ್ಯತ್ಯಾಸವಿಲ್ಲ. ಆಹಾರ ಕಡಿಮೆಯಾದಾಗ ಮಾತ್ರ ಗ್ಲೈಫೋಸೇಟ್ ತಿಂದ ಗೂಡುಗಳು ಬೇಕಾದಷ್ಟು ಹೊತ್ತು ಕಾವು ಹಿಡಿದಿಡಲಿಲ್ಲ. ಇವೆಲ್ಲ ಬೇರೆ ಜಾತಿಯ ನೊಣ, ಬೇರೆ ಹವೆ. ತುಡುವೆಗೆ ಇದೇ ಅಳತೆಯಲ್ಲಿ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ವಿಷವೂ ಹಸಿವೂ ಕೂಡಿದಾಗ ಏನಾಗುತ್ತದೆ ಎಂಬುದು ನಿಮ್ಮ ಪೆಟ್ಟಿಗೆಗೆ ಹತ್ತಿರದ ಮಾತು.

ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ತಳ ಒಣಗಿದ ಮರಿಯ ಮೇಲೆ. ದಾದಿ ನೊಣ ಪರಾಗ ತಿಂದರೆ ಮಾತ್ರ ಅದರ ತಲೆಯ ಗ್ರಂಥಿಯಲ್ಲಿ ಆ ಹಾಲು ಊರುತ್ತದೆ. ಪರಾಗವಿಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿ ಇಲ್ಲ. ಮೂರು ವಾರದ ನಂತರ ಹೊಲಕ್ಕೆ ಹೋಗುವ ನೊಣವೂ ಇಲ್ಲ. ಮುದಿ ನೊಣಗಳು ತಮ್ಮ ಆಯುಸ್ಸು ಮುಗಿದು ಹೊಲದಲ್ಲಿ ಬೀಳುತ್ತವೆ, ಅವುಗಳ ಜಾಗಕ್ಕೆ ಯಾರೂ ಬರುವುದಿಲ್ಲ. ಸತ್ತ ನೊಣ ಕಾಣದೆ ಪೆಟ್ಟಿಗೆ ಬರಿದಾಗುವುದು ಹೀಗೆ. ಇದನ್ನು ಮಾನ್ವಿಯ ತಮ್ಮ ಗಮನಿಸಬೇಕು. ಕೀಟನಾಶಕದ ಲಕ್ಷಣ ಹಾಗಲ್ಲ, ತಂಗಿ ಹೋದ ವರ್ಷ ಕಂಡ ಹಾಗೆ.

ಮಳೆಗಾಲ ನಮ್ಮ ಕಡೆ ಜೇನಿಗೆ ಹೇಗೂ ಬರಗಾಲ. ಬೇವು, ಹೊಂಗೆ ಬೇಸಿಗೆಗೇ ಮುಗಿದವು. ಸಜ್ಜೆಯ ತೆನೆ, ಸೂರ್ಯಕಾಂತಿ ಇನ್ನೂ ಬರಬೇಕು. ತೊಗರಿಯ ಹೂವಂತೂ ದೂರದ ಮಾತು. ನಡುವಿನ ಆ ಐದಾರು ವಾರಕ್ಕೆ ಇರುವುದು ಬದುವಿನ ಕಸ. ಅದನ್ನು ಸುಟ್ಟರೆ ಒಲೆಯ ಮೇಲಿನ ಗಡಿಗೆಯನ್ನೇ ಕೆಳಗಿಳಿಸಿದಂತೆ.

ಇನ್ನೊಂದು ಮಾತು, ಭಾವನವರಿಗೂ ತಿಳಿಸಿ. 2022ರ ಅಕ್ಟೋಬರಿನಲ್ಲಿ ಬಂದ ಕೇಂದ್ರದ ಆದೇಶದಲ್ಲಿ ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ಹೊಡೆಯಬೇಕು ಎಂದಿತ್ತು. ಒಂದು ವೇಳೆ ಅದು ಪ್ಯಾರಾಕ್ವಾಟ್ ಆಗಿದ್ದರೆ ಜೇನಿನ ಮಾತು ಆಮೇಲೆ, ಮೊದಲು ಉಳಿದ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಸಿ. ಅದಕ್ಕೆ ಮದ್ದಿಲ್ಲ, ಒಂದು ಗುಟುಕು ಹೋದರೂ ಉಳಿಯುವುದು ಕಷ್ಟ.

ಹೊಲದಂಚು (ಕುಷ್ಟಗಿ ತಾಲ್ಲೂಕು)

ಅಣ್ಣಾವರೇ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಬರೆಯಲು ಮನಸ್ಸಾಗಲಿಲ್ಲ.

ಹಸಿರು ಒಂದು ವಾರ ಹಾಗೆಯೇ ನಿಂತಿತ್ತು, ಹೂವು ಸಹಿತ. ಎಣ್ಣೆ ಹೊಡೆದ ನಾಲ್ಕನೆಯ ದಿನ ಆ ಬದುವಿನ ಮೇಲೆ ನಡೆದು ಹೋಗುವಾಗ ತುಂಬೆಯ ಮೇಲೆ ನಮ್ಮ ನೊಣ ಕುಳಿತಿದ್ದವು. ನಾಲಿಗೆ ಒಳಗೆ ಹಾಕಿ ಹೀರುತ್ತಿದ್ದದ್ದನ್ನು ನಾನೇ ಬಗ್ಗಿ ನೋಡಿದೆ. "ಪರವಾಗಿಲ್ಲ, ಏನೂ ಆಗಿಲ್ಲ" ಎಂದು ಸಂತೋಷಪಟ್ಟೆ.

ಪಂಪ್ ಒಂದೇ. ಹತ್ತಿಗೂ ಅದೇ, ಬದುವಿಗೂ ಅದೇ. ತೊಳೆದದ್ದು ಬಾವಿಯ ಪಕ್ಕದ ಕಲ್ಲುಬಾನಿಯ ಹತ್ತಿರ. ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಅಲ್ಲಿ ಕುಳಿತೆ. ಬಾನಿಯಿಂದ ಸೋರಿದ ನೀರು ನೆಲದಲ್ಲಿ ಅಂಗೈಯಷ್ಟು ಪಾಚಿ ಹಿಡಿದಿದೆ. ನೊಣಗಳು ಬಾನಿಯ ತುಂಬು ನೀರನ್ನು ಮುಟ್ಟುವುದಿಲ್ಲ, ಮುಳುಗುವ ಭಯವೋ ಏನೋ. ಆ ಪಾಚಿಯ ಅಂಚಿಗೇ ಬರುತ್ತವೆ. ಹಿಂಭಾಗ ಎತ್ತಿ ಇಳಿಸುತ್ತ, ಹೊಟ್ಟೆ ಉಬ್ಬುವವರೆಗೆ ಕುಡಿದು, ಒಂದು ಸುತ್ತು ಹಾಕಿ ನಮ್ಮ ದಾಳಿಂಬೆಯ ಕಡೆಗೆ ಹಾರುತ್ತವೆ. ಪಂಪಿನ ತೊಳೆದ ನೀರು ಇಂಗಿದ್ದೂ ಅದೇ ಅಂಗೈ ಅಗಲದಲ್ಲಿ.

ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಹೋದ ವರ್ಷ ದಾಳಿಂಬೆ ಸಾಲಿನ ನಡುವೆ ಇದೇ ಎಣ್ಣೆಯನ್ನು ನಾನೇ ಹೊಡೆಸಿದ್ದೆ. ಜೇಕು ಹಿಡಿತಕ್ಕೆ ಬಂದಿರಲಿಲ್ಲ. ಆಗ ಪೆಟ್ಟಿಗೆಗೆ ಏನೂ ಆಗಲಿಲ್ಲ, ಅಥವಾ ಆದದ್ದು ನನಗೆ ಕಾಣಲಿಲ್ಲ. ಬದು ಹಸಿರಾಗಿತ್ತು, ಅದಕ್ಕೇ ಇರಬಹುದು. ಹೀಗಿರುವಾಗ ಭಾವನವರ ಎದುರು ದೊಡ್ಡ ಮಾತಾಡಲು ನಾಲಿಗೆ ಹೇಗೆ ಏಳುತ್ತದೆ?

ಪೆಟ್ಟಿಗೆ ಹೊತ್ತವನು (ಸಿರುಗುಪ್ಪ)

ನಾನು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹಾಕಿಕೊಂಡು ಸೂರ್ಯಕಾಂತಿ ಹೂವಾದ ಕಡೆಗೆಲ್ಲ ಹೋಗುವವನು. ಓದು ಕಡಿಮೆ, ಪೆಟ್ಟು ತಿಂದದ್ದು ಹೆಚ್ಚು. ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ.

ಇವತ್ತೇ ಸಂಜೆ ಸಕ್ಕರೆ ಪಾಕ ಕೊಡಿ, ಸಕ್ಕರೆಯಷ್ಟೇ ನೀರು. ಹಗಲು ಕೊಟ್ಟರೆ ಬೇರೆ ಪೆಟ್ಟಿಗೆಯ ನೊಣ ದರೋಡೆಗೆ ಬರುತ್ತವೆ. ಪರಾಗದ ಬದಲು ಕೊಬ್ಬು ತೆಗೆದ ಸೋಯಾ ಹಿಟ್ಟು, ಸಕ್ಕರೆ ಪುಡಿ, ನಿಮ್ಮದೇ ಜೇನುತುಪ್ಪ ಕಲಸಿ ಚಪಾತಿ ಹಿಟ್ಟಿನ ಹದಕ್ಕೆ ತಂದು ಚೌಕಟ್ಟುಗಳ ಮೇಲೆ ಇಡಿ. ಅಂಗಡಿಯ ಜೇನು ಹಾಕಬೇಡಿ, ರೋಗ ಬರುತ್ತದೆ. ಬಾಗಿಲು ಎರಡು ನೊಣ ಹೋಗುವಷ್ಟಕ್ಕೆ ಚಿಕ್ಕದು ಮಾಡಿ. ನೊಣ ಮುಚ್ಚದ ಎರಿಗಳನ್ನು ಹೊರತೆಗೆಯಿರಿ, ಇಲ್ಲದಿದ್ದರೆ ಮೇಣದ ಹುಳು ಬಲೆ ಕಟ್ಟುತ್ತದೆ. ಎರಡನೇ ಪೆಟ್ಟಿಗೆ ಚೇತರಿಸಿಕೊಳ್ಳದಿದ್ದರೆ ನಡುವೆ ಹಳೆಯ ದಿನಪತ್ರಿಕೆಯ ಹಾಳೆ ಇಟ್ಟು ಇನ್ನೊಂದರ ಜೊತೆ ಕೂಡಿಸಿ. ಒಂದೇ ರಾಣಿ ಇರಲಿ. ಹಾಳೆ ಕೊರೆದು ಸೇರುವಷ್ಟರಲ್ಲಿ ವಾಸನೆ ಒಂದಾಗಿರುತ್ತದೆ.

ನೀರಿಗೆ ಪೆಟ್ಟಿಗೆಯ ಹತ್ತಿರವೇ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ಇಡಿ. ಒಮ್ಮೆ ರೂಢಿಯಾದ ನೀರನ್ನು ಅವು ಬೇಗ ಬಿಡುವುದಿಲ್ಲ. ಮೊದಲು ಬಾನಿಯ ಪಾಚಿ ಕೆರೆದು ಮಣ್ಣು ಮುಚ್ಚಿ, ಆಮೇಲೆ ತಟ್ಟೆ.

ನಿಮ್ಮ ಕಡೆ ಬಳ್ಳಾರಿ ಜಾಲಿ ಇದೆಯೇ? ಊರೆಲ್ಲ ಅದನ್ನು ಬೈಯುತ್ತದೆ, ನಾನೂ ಮುಳ್ಳು ಚುಚ್ಚಿದಾಗ ಬೈಯುತ್ತೇನೆ. ಆದರೆ ಜೇನಿನವರಿಗೆ ಕಷ್ಟಕಾಲದ ನೆಂಟ ಅದು.

ಎಡದಂಡೆ ಭತ್ತ (ಸಿಂಧನೂರು)

ಅಕ್ಕಾ, ಭಾವನವರಿಗೆ "ಹೊಡೆಯಬೇಡಿ" ಎನ್ನಬೇಡಿ. "ಬದುವಿನ ಹುಲ್ಲು ನಾನು ಕೊಯ್ದುಕೊಳ್ಳುತ್ತೇನೆ, ಎಮ್ಮೆಗೆ ಬೇಕು" ಎನ್ನಿ. ಬೇಡುವವರಿಗೆ ಇಲ್ಲ ಎನ್ನುವುದು ದೊಡ್ಡವರಿಗೆ ಕಷ್ಟ, ತಿದ್ದಲು ಬಂದವರಿಗೆ ಸುಲಭ.

ಹಳೆಯ ಕೃಷಿ ಸಹಾಯಕ (ರಾಯಚೂರು)

ಸಿಂಧನೂರಿನವರ ಮಾತಿಗೆ ನನ್ನ ಸಹಿ ಇದೆ. ಹುಲ್ಲನ್ನು ಒಂದೇ ದಿನ ಪೂರ್ತಿ ಬೋಳಿಸಬೇಡಿ, ತಂಗಿ. ಅರ್ಧ ಬದು ಈಗ, ಉಳಿದದ್ದು ಹೂವು ಮುಗಿದ ಮೇಲೆ. ಪಾರ್ಥೇನಿಯಂ ಇದ್ದರೆ ಅದನ್ನು ಮಾತ್ರ ಹೂವಾಗುವ ಮೊದಲೇ ಬೇರುಸಹಿತ ಕಿತ್ತುಬಿಡಿ. ಹಿಂಗಾರಿಗೆ ಬದುವಿನ ಪಕ್ಕ ಎರಡು ಸಾಲು ಕುಸುಬೆ ಹಾಕಿ. ಮುಳ್ಳಿಗೆ ದನ ಒಳಗೆ ಬರುವುದಿಲ್ಲ, ಹೂವಿಗೆ ನೊಣ ಬರುತ್ತದೆ. ಮುಂದಿನ ಮುಂಗಾರಿಗೆ ಅಕ್ಕಡಿಯಾಗಿ, ಅಂದರೆ ಬೆಳೆಯ ನಡುವಿನ ಸಾಲಾಗಿ, ಗುರೆಳ್ಳು. ನಮ್ಮ ಹಿರಿಯರು ಇದನ್ನೆಲ್ಲ ಜೇನಿಗೆಂದು ಮಾಡಲಿಲ್ಲ, ಎಣ್ಣೆಗೆ, ಚಟ್ನಿಗೆ ಮಾಡಿದರು.

ಪಂಪ್ ಒಂದೇ ಎಂದಿರಿ. ಹಾಗಿದ್ದರೆ ಬದುವಿನ ಮೇಲೆ ಬಿದ್ದದ್ದು ಕಳೆನಾಶಕವೊಂದೇ ಎಂದು ಹೇಳಲು ಬರುವುದಿಲ್ಲ. ಹತ್ತಿಯ ಔಷಧಿಯ ತಳ ಎಷ್ಟು ಉಳಿದಿತ್ತೋ! ಪೂರ್ತಿ ತಪ್ಪನ್ನು ಒಂದೇ ಡಬ್ಬಿಯ ಮೇಲೆ ಹಾಕಬೇಡಿ.

ಹೊಲದಂಚು (ಕುಷ್ಟಗಿ ತಾಲ್ಲೂಕು)

ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡಬೇಕಲ್ಲ.

ಭಾವನವರ ಹತ್ತಿರ ನಾನು ಹೋಗಲಿಲ್ಲ, ನೆಗೆಣ್ಣಿಯ ಹತ್ತಿರ ಹೋದೆ. ಒಂದು ಸಣ್ಣ ಬಾಟಲಿ ಜೇನುತುಪ್ಪ ಕೈಯಲ್ಲಿತ್ತು. ಎಮ್ಮೆಗೆ ಹುಲ್ಲಿಲ್ಲ ಎಂದೆ, ಬದು ನನಗಿರಲಿ ಎಂದೆ. ಅವಳು ಒಳಗೆ ಹೋಗಿ ಏನು ಹೇಳಿದಳೋ, ಮರುದಿನ ಭಾವನವರು ಹೊಲದ ಆ ತುದಿಯಿಂದಲೇ "ಹುಲ್ಲು ನೀನೇ ಕೊಯ್ಯಬೇಕು, ಅರ್ಧಕ್ಕೆ ಬಿಟ್ಟರೆ ನಾನು ಕೇಳುವುದಿಲ್ಲ" ಎಂದು ಕೂಗಿ ಹೇಳಿದರು. ಸರಿ ಎಂದೆ. ಗ್ಲೈಫೋಸೇಟ್, ಕರುಳು, ಬ್ಯಾಕ್ಟೀರಿಯಾ ಎಂಬ ಮಾತು ಯಾವುದೂ ಬರಲಿಲ್ಲ. ಪಂಪ್ ಮಾತ್ರ ಬಾನಿಯ ಹತ್ತಿರ ತೊಳೆಯುವುದು ನಿಂತಿದೆ. ಅಲ್ಲಿ ದನ ನೀರು ಕುಡಿಯುತ್ತವೆ ಎಂದು ನಮ್ಮ ಮನೆಯವರು ಹೇಳಿದ್ದಕ್ಕೆ ಒಪ್ಪಿದರು. ನೊಣ ಕುಡಿಯುತ್ತವೆ ಎಂದಿದ್ದರೆ ನಗುತ್ತಿದ್ದರು.

ಒಂದು ಪಂಪನ್ನು ನಾವೇ ಬೇರೆ ತಂದು, ಅದರ ಮೇಲೆ ಕೆಂಪು ಬಣ್ಣದಲ್ಲಿ "ಕಸ" ಎಂದು ಬರೆದಿದ್ದೇವೆ. ನನ್ನ ದಾಳಿಂಬೆಯ ಜೇಕಿಗೆ ಇನ್ನೂ ದಾರಿ ಸಿಕ್ಕಿಲ್ಲ. ಗೆಡ್ಡೆ ಸಮೇತ ಕೀಳಿಸೋಣವೆಂದರೆ ಆಳಿಗೆ ದಿನಕ್ಕೆ ನಾಲ್ಕು ನೂರು, ಸಿಕ್ಕಿದರೆ.

ಪಾಕ, ಹಿಟ್ಟು ಎರಡೂ ಕೊಟ್ಟೆ. ಐದನೇ ಪೆಟ್ಟಿಗೆಯ ಮರಿ ಈಗ ಹಾಲಿನಲ್ಲಿ ಮಲಗಿದೆ. ಸಜ್ಜೆ ತೆನೆ ಹಾಕಿತು. ಇವತ್ತು ಬೆಳಗ್ಗೆ ಏಳಕ್ಕೆ ಆ ಪೆಟ್ಟಿಗೆಯ ಬಾಗಿಲ ಮುಂದೆ ಹತ್ತು ನಿಮಿಷ ಕುಳಿತು ಎಣಿಸಿದೆ. ಇಪ್ಪತ್ತೊಂದು ನೊಣ ಕಾಲಿಗೆ ಪರಾಗ ಕಟ್ಟಿಕೊಂಡು ಬಂದವು. ಎರಡನೆಯದನ್ನು ನಾಲ್ಕನೆಯದರ ಜೊತೆ ದಿನಪತ್ರಿಕೆ ಇಟ್ಟು ಕೂಡಿಸಿದೆ. ಎರಡನೇ ದಿನಕ್ಕೆ ಕಾಗದದ ಚೂರು ಬಾಗಿಲಿನಿಂದ ಹೊರಗೆ ಬಿದ್ದಿತ್ತು.

ಹಾಗಾಗಿ ಈಗ ಎರಡು ಪೆಟ್ಟಿಗೆ ಖಾಲಿ ಇವೆ. ಕುಷ್ಟಗಿ, ಯಲಬುರ್ಗಾ ಕಡೆ ಯಾರಾದರೂ ತುಡುವೆ ಸಂಸಾರ ಪಾಲು ಮಾಡುವವರಿದ್ದರೆ ಇಲ್ಲಿಯೇ ತಿಳಿಸಿ. ಸೂರ್ಯಕಾಂತಿ ಇನ್ನು ಹತ್ತು ದಿನಕ್ಕೆ ಅರಳುತ್ತದೆ, ಅಷ್ಟರೊಳಗೆ ಸಿಕ್ಕರೆ ಒಳ್ಳೆಯದು.